ಎಡಮಗ್ಗುಲ ನೆರಳು

ಸಿದ್ದಬಸಪ್ಪ, ಅರಸೀಕೆರೆ. ವಾಯ್ಸ್ ನೋಟ್.
ಮಾರ್ಚ್ 4, 2025

ಪ್ರತಿಮಾ, ಕೇಳಿಸ್ತೈತಾ? ಸ್ಟೇಷನ್ ಮುಂದೆ ನಿಂತಿದ್ದೀನಿ, ಅದಕ್ಕೇ ಈ ಗದ್ದಲ. ಬೆಂಗಳೂರಿಂದ ಈಗ ತಾನೇ ಇಳಿದೆ. ವೀಸಾದ ಮೆಡಿಕಲ್ ಮುಗೀತು ಕಣೇ. ರಕ್ತ ತಗಂಡ್ರು, ಕಣ್ಣು ನೋಡಿದ್ರು, ಎದೆ ಎಕ್ಸ್‌ರೇ ತೆಗೆದ್ರು. ಅದಕ್ಕೆ ಅಂತ ಒಂದು ನೀಲಿ ನಿಲುವಂಗಿ ಕೊಟ್ರು, ಹಿಂದ್ಗಡೆ ದಾರ ಕಟ್ಕಬೇಕು. ಕೊಬ್ಬರಿ ಮಂಡೀಲಿ ನಾಲ್ಕು ಜನಕ್ಕೆ ಜೋರು ಮಾಡೋ ಮನುಷ್ಯ ಅದರೊಳಗೆ ಹೆಂಗೆ ಕಾಣ್ತಿದ್ದೆ ಅಂತ ನೀನು ನೋಡಬೇಕಿತ್ತು. ನಿನ್ನ ಹೃದಯಕ್ಕೆ ಡಾಕ್ಟ್ರೇ ಬೇಕಾಗ್ತಿರಲಿಲ್ಲ, ನಗೇಲೇ ಸರಿಹೋಗ್ತಿತ್ತು.

ನೀನು ವೀಸಾ ಆಫೀಸಿಗೆ ಬರೆದ ಅರ್ಜೆಂಟ್ ಕಾಗದ ರೈಲಲ್ಲಿ ಓದಿದೆ. ಹೃದಯದ ಕವಾಟ ಬದಲಾಯಿಸಬೇಕು, ಆಪರೇಷನ್ ಆದ್ಮೇಲೆ ನೋಡ್ಕೊಳ್ಳಕ್ಕೆ ಗಂಡನ್ನ ಬಿಟ್ರೆ ನನಗೆ ಯಾರೂ ಇಲ್ಲ, ಅವರ ಅರ್ಜಿ ಬೇಗ ನೋಡಿ ಅಂತ ಬರ್ದಿದ್ದೀಯಲ್ಲ, ಆ 'ಯಾರೂ ಇಲ್ಲ' ಅನ್ನೋ ಜಾಗದಲ್ಲಿ ಓದು ನಿಂತೋಯ್ತು. ನೀನು ನರ್ಸ್ ಕೆಲಸಕ್ಕೆ ಅಂತ ನ್ಯೂಜಿಲೆಂಡಿಗೆ ಹೊರಟಾಗ್ಲೇ ನಾನೂ ಅರ್ಜಿ ಹಾಕಬೇಕಿತ್ತು. ಮಂಡಿ ಯಾರು ನೋಡ್ಕೊತಾರೆ, ಅವ್ವನ್ನ ಯಾರು ನೋಡ್ಕೊತಾರೆ ಅಂತ ಕಾಲ ತಳ್ಳಿದೆ. ಈಗ ಎಲ್ಲಾದಕ್ಕೂ ಜನ ಸಿಕ್ಕವ್ರೆ. ಆವಾಗ್ಲೂ ಸಿಕ್ತಿದ್ರು.

ಇರ್ಲಿ. ಇನ್ನೇನು ಬಂದೇ ಬಿಟ್ಟೆ ಅಂದ್ಕೋ. ನೀನ್ಯಾಕೆ ಯಾವಾಗ್ಲೂ ಟೈಪ್ ಮಾಡ್ತೀಯ? ಒಂದ್ಸಲ ಮಾತಾಡಿ ಕಳಿಸು. ದನಿ ಕೇಳಿ ಎಷ್ಟು ದಿನ ಆಯ್ತು.


ಪ್ರತಿಮಾ, ನ್ಯೂಜಿಲೆಂಡ್.
ಮಾರ್ಚ್ 9, 2025

ಏನ್ರೀ,

ನಿಮ್ಮ ನೀಲಿ ನಿಲುವಂಗಿಯ ಕಥೆ ಕೇಳಿ ಚಿತ್ರಾ ಕೂಡ ನಕ್ಕಳು. ಅವಳ ಬಗ್ಗೆ ಹೇಳಿದ್ದೆನಲ್ಲ, ನಮ್ಮ ಬೇಲೂರು ತಾಲೂಕಿನ ಗೆಂಡೆಹಳ್ಳಿಯ ಕೆಂಚಯ್ಯನವರ ಮಗಳು. ನಾನು ಕೆಲಸಕ್ಕಿರುವ ವೃದ್ಧರ ಆರೈಕೆ ಮನೆಯಲ್ಲೇ ಅವಳೂ ನರ್ಸ್. ಇಲ್ಲೇ ನನ್ನ ಪಕ್ಕದ ಕೋಣೆಯಲ್ಲಿದ್ದಾಳೆ. ನಾನು ಟೈಪ್ ಮಾಡುವುದು ಇಲ್ಲಿನ ಅಜ್ಜ ಅಜ್ಜಿಯರು ಮಲಗಿರುತ್ತಾರೆಂದು. ಬೇರೇನೂ ಅಲ್ಲ.

ಊರಿಗೆ ಬಂದು ಆಪರೇಷನ್ ಮಾಡಿಸಿಕೋ ಎಂದು ಅತ್ತೆ ಹೇಳಿದರಂತೆ. ಅಷ್ಟು ದೂರ ವಿಮಾನದಲ್ಲಿ ಕೂರಬಾರದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಅತ್ತೆಗೆ ನಿಧಾನಕ್ಕೆ ತಿಳಿಸಿ.

ಇನ್ನೊಂದು ವಿಷಯ. ಆಪರೇಷನ್ನಿಗೆ ಮೊದಲು ಮೈಮೇಲಿನದನ್ನೆಲ್ಲ ತೆಗೆಯಬೇಕು, ಲಿಂಗವನ್ನೂ. ಎದೆಯನ್ನೇ ತೆರೆಯುವಾಗ ಕೊರಳಲ್ಲಿ ಶಿವದಾರ ಇರಕೂಡದು ಎಂದು ನನಗೂ ಗೊತ್ತು. ಅರಸೀಕೆರೆಯ ನರ್ಸಿಂಗ್ ಹೋಮಿನಲ್ಲಿ ಎಷ್ಟೋ ಜನರದನ್ನು ನಾನೇ ತೆಗೆಸಿದ್ದೇನೆ. ಆದರೆ ಅಲ್ಲಿ ಪಕ್ಕದಲ್ಲಿ ಮನೆಯವರು ಯಾರಾದರೂ ಅಂಗೈ ಒಡ್ಡಿ ನಿಂತಿರುತ್ತಿದ್ದರು. ಇಲ್ಲಿ ಒಂದು ಕವರಿನಲ್ಲಿ ಹಾಕಿ, ಮೇಲೆ ಹೆಸರು ಬರೆದು, ಬೀರುವಿನಲ್ಲಿಡುತ್ತಾರೆ. ಅದು ನನಗೆ ಬೇಡ. ನಾನು ಒಳಗೆ ಇರುವಷ್ಟು ಹೊತ್ತು ನೀವು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಹೊರಗೆ ಕೂತಿರಬೇಕು. ಸಣ್ಣ ಆಸೆ ಎನ್ನಿ, ಹಟ ಎನ್ನಿ. ನೀವು ಬರುವವರೆಗೆ ಕಾಯುತ್ತೇನೆ.


ಸಿದ್ದಬಸಪ್ಪ. ವಾಯ್ಸ್ ನೋಟ್.
ಮಾರ್ಚ್ 28, 2025

ಪ್ರತಿಮಾ, ಮಂಡಿ ಒಳಗಿಂದ ಮಾತಾಡ್ತಿದ್ದೀನಿ. ಹೊರಗೆ ಕೊಬ್ಬರಿ ಚೀಲ ಇಳಿಸ್ತಾವ್ರೆ. ಏನಿಲ್ಲ, ವೀಸಾದ್ದು ಇನ್ನೂ ಏನೂ ಸುದ್ದಿ ಇಲ್ಲ. ಆಫೀಸು ಅಂದ್ರೆ ಆಫೀಸೇ ಕಣೇ, ಇಲ್ಲಾದ್ರೇನು ನ್ಯೂಜಿಲೆಂಡಾದ್ರೇನು. ನಮ್ಮ ತಾಲೂಕು ಕಚೇರೀಲಿ ಪಹಣಿ ತಿದ್ದೋಕೆ ಓಡಾಡ್ತೀವಲ್ಲ, ಹಂಗೇ. ನೀನು ಇನ್ನೊಂದು ಕಾಗದ ಬರಿ, ಇನ್ನೂ ಸ್ವಲ್ಪ ಗಟ್ಟಿಯಾಗಿ. ಡಾಕ್ಟ್ರ ಹತ್ರನೂ ಗಟ್ಟಿಯಾಗಿ ಬರೆಸು. ಮೆತ್ತಗೆ ಬರೆದ್ರೆ ಯಾರು ನೋಡ್ತಾರೆ?

ಬೇರೆ ಏನಿಲ್ಲ. ಅವ್ವ ಚೆನ್ನಾಗೈತೆ. ನಾನೂ ಚೆನ್ನಾಗಿದ್ದೀನಿ. ಇಡ್ತೀನಿ, ಯಾರೋ ಬಂದ್ರು.


ಸಿದ್ದಬಸಪ್ಪ. ವಾಯ್ಸ್ ನೋಟ್ (ಕಳಿಸಲಿಲ್ಲ).
ಏಪ್ರಿಲ್ 6, 2025

ಪ್ರತಿಮಾ, ಇದನ್ನ ಕಳಿಸ್ತೀನೋ ಇಲ್ವೋ ಗೊತ್ತಿಲ್ಲ. ಹೋದ ಸಲ ಯಾರೋ ಬಂದ್ರು ಅಂದೆನಲ್ಲ, ಮಂಡಿಗೆ ಯಾರೂ ಬಂದಿರಲಿಲ್ಲ. ನಾನೇ ಫೋನ್ ಇಟ್ಟೆ.

ಬೆಂಗಳೂರಿನ ಎಕ್ಸ್‌ರೇ ಸೆಂಟರ್‌ನವ್ರು ಮಾರ್ಚಲ್ಲೇ ಫೋನ್ ಮಾಡಿದ್ರು. ಎಡಗಡೆ ಶ್ವಾಸಕೋಶದ ಅಂಚಿಗೆ ಗುಂಡಗೆ ಒಂದು ನೆರಳು ಐತೆ, ಟಿಬಿ ಅಂತ ಅನುಮಾನ, ಕಫ ಕೊಡಬೇಕು, ಅದರಲ್ಲಿ ಕ್ರಿಮಿ ಬೆಳೀತದಾ ಅಂತ ನೋಡಕ್ಕೆ ವಾರಗಟ್ಟಲೆ ಹಿಡೀತದೆ, ಅಲ್ಲೀವರ್ಗೂ ಅರ್ಜಿ ಮುಂದಕ್ಕೆ ಹೋಗಲ್ಲ ಅಂದ್ರು. ಹೋಗಿ ಕಫ ಕೊಟ್ಟು ಬಂದೆ. ನಿನಗೆ ಹೇಳಲಿಲ್ಲ. ನಿನ್ನ ಎದೆ ಚಿಂತೆ ನಿನಗೆ ಸಾಲದಾ, ನಂದೂ ಯಾಕೆ ಹೊರಿಸೋದು ಅಂತ. ಅದು ಒಳ್ಳೇ ಮನಸ್ಸಿಂದಾನೇ. ಅಲ್ಲೀವರ್ಗೂ ಒಳ್ಳೇ ಮನಸ್ಸೇ.

ಇವತ್ತು ಆ ಫಿಲಂ ತಗಂಡು ನಮ್ಮ ಮೋಹನ್‌ಕುಮಾರ್ ಡಾಕ್ಟ್ರ ಹತ್ರ ಹೋದೆ. ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು. "ಸಿದ್ದಬಸಪ್ಪನವ್ರೇ, ಇದು ಎದೆ ಒಳಗಿಲ್ಲ, ಹೊರಗೈತೆ. ಏನ್ ಕಟ್ಕಂಡಿದ್ರಿ?" ಅಂದ್ರು.

ನನ್ನ ಕೈ ತಾನಾಗೇ ಎದೆಗೆ ಹೋಯ್ತು.

ಆವತ್ತು ಮೈಮೇಲಿರೋದೆಲ್ಲ ತೆಗೀರಿ ಅಂದಾಗ ಬೆಳ್ಳಿ ಕರಡಿಗೆ ತೆಗೆದಿಟ್ಟೆ. ಒಳಗಿನ ಲಿಂಗ ಇಡಕ್ಕೆ ಕೈ ಬರಲಿಲ್ಲ. ಹುಡುಗನಾಗಿದ್ದಾಗ ಮಠದ ಅಯ್ನೋರು ಕಟ್ಟಿದ್ದು, ಮೈ ಬಿಟ್ಟು ಒಂದು ಗಳಿಗೆ ಇದ್ದಿದ್ದಿಲ್ಲ. ಅಂಗದಿಂದ ಲಿಂಗ ಬೇರೆ ಆಗಬಾರದು ಅಂತ ಅವ್ವ ದಿನಾ ಹೇಳಿ ಬೆಳೆಸಿದ್ದು. ಬಿಳಿ ಬಟ್ಟೇಲಿ ಸುತ್ತಿ, ಎಡ ಕಂಕುಳ ಕೆಳಗೆ ಕಟ್ಕಂಡು, ಮೇಲೆ ಆ ನಿಲುವಂಗಿ ಹಾಕ್ಕಂಡೆ. ಎಲ್ಲ ತೆಗೆದ್ರಾ ಅಂತ ಕೇಳಿದ್ರು. ಹೂಂ ಅಂದೆ.

ಹೋಗಿ ಹಿಂಗಾಯ್ತು ಅಂತ ಹೇಳಿ ಇನ್ನೊಂದು ಎಕ್ಸ್‌ರೇ ತೆಗೆಸಿ ಅಂದ್ರು ಡಾಕ್ಟ್ರು. ಅದೇ ಸರಿ. ಆದ್ರೆ ಸುಳ್ಳು ಹೇಳಿದ ಅಂತ ಅವ್ರು ಬರ್ಕಂಡ್ರೆ? ವೀಸಾನೇ ಕೊಡದಿದ್ರೆ? ಕಫದ ರಿಪೋರ್ಟ್ ಹೆಂಗೂ ಚೆನ್ನಾಗೇ ಬತ್ತದೆ, ಯಾರಿಗೂ ಏನೂ ಹೇಳೋದು ಬೇಡ, ತಡ ಆಗ್ತದೆ ಅಷ್ಟೆ ಅಂದ್ಕಂಡು ಮನೆಗೆ ಬಂದೆ. ನೋಡು, 'ಅಷ್ಟೆ' ಅಂತೀನಿ. ನೀನಲ್ಲಿ ನಿನ್ನದನ್ನ ತೆಗೆಯಕ್ಕೆ ನಾನು ಬರಲಿ ಅಂತ ಕಾಯ್ತಿದ್ದೀಯ. ನಾನಿಲ್ಲಿ ನಂದನ್ನ ತೆಗೆಯದೆ ನಿನ್ನ ಕಾಯಿಸ್ತಿದ್ದೀನಿ.


ಪ್ರತಿಮಾ.
ಏಪ್ರಿಲ್ 19, 2025

ಏನ್ರೀ,

ಎರಡನೇ ಕಾಗದ ಹಾಕಿದೆ. ನೀವು ಹೇಳಿದಿರೆಂದು ಡಾಕ್ಟರ ಹತ್ತಿರವೂ ಹೋದೆ. ಬೇಗ ವೀಸಾ ಸಿಗಬೇಕಾದರೆ ನನ್ನ ಕಾಯಿಲೆಯನ್ನು ಸ್ವಲ್ಪ ದೊಡ್ಡದು ಮಾಡಿ ಬರೆಯಬೇಕಾಗುತ್ತದೆ, ತಪ್ಪು ತಿಳಿಯಬೇಡಿ ಎಂದು ಕೇಳಿಕೊಂಡೆ. ಕೇಳುವಾಗ ನಾಚಿಕೆಯಾಯಿತು. ಅವರು ನನ್ನ ರಿಪೋರ್ಟುಗಳನ್ನು ಇನ್ನೊಮ್ಮೆ ತಿರುವಿ ಹಾಕಿ, "ನಾನು ಏನನ್ನೂ ಸೇರಿಸಬೇಕಾಗಿಲ್ಲ" ಎಂದರು.

ಅದರ ಬಗ್ಗೆ ಹೆಚ್ಚು ಯೋಚಿಸಬೇಡಿ. ಡಾಕ್ಟರುಗಳು ಹಾಗೆಯೇ.

ನಿಮಗೆ ಕೆಮ್ಮು ಇದೆಯಾ? ಸಂಜೆ ಹೊತ್ತು ಮೈ ಬಿಸಿಯಾಗುತ್ತದೆಯೇ? ಮಲಗಿದಾಗ ಬೆವರುತ್ತೀರಾ? ತೂಕ ಇಳಿದಿದೆಯೇ? ಸುಮ್ಮನೆ ಕೇಳಿದೆ. ನಿಜ ಹೇಳಿ.


ಸಿದ್ದಬಸಪ್ಪ. ವಾಯ್ಸ್ ನೋಟ್.
ಏಪ್ರಿಲ್ 20, 2025

ನಿನ್ನ ಎದೆ ಇಟ್ಕಂಡು ನನ್ನ ಎದೆ ವಿಚಾರಿಸ್ತೀಯಲ್ಲೇ ಮಾರಾಯ್ತಿ. ನರ್ಸ್ ಬುದ್ಧಿ ಎಲ್ಲಿ ಬಿಡ್ತದೆ. ಕೆಮ್ಮು ಸ್ವಲ್ಪ ಐತೆ, ಇಲ್ಲ ಅನ್ನಲ್ಲ. ಕೊಬ್ಬರಿ ಧೂಳು. ತೂಕನೂ ಇಳಿದೈತೆ ಅಂತ ಅವ್ವ ಅಂತೈತೆ. ನೀನಿಲ್ದೆ ಊಟ ಎಲ್ಲಿ ಸೇರ್ತದೆ?

ಡಾಕ್ಟ್ರು ಏನೂ ಸೇರಿಸಬೇಕಾಗಿಲ್ಲ ಅಂದ್ರಾ. ಹಂಗಂದ್ರೇನು? ಅಷ್ಟು ಜೋರೈತಾ? ಬೇಡ, ಹೇಳಬೇಡ. ಇಲ್ಲ, ಹೇಳು.


ಪ್ರತಿಮಾ.
ಮೇ 3, 2025

ಆಸ್ಪತ್ರೆಯವರು ಈ ತಿಂಗಳ ಕೊನೆಗೆ ದಿನ ಕೊಟ್ಟಿದ್ದರು. ಬೇಡ, ಮುಂದಕ್ಕೆ ಹಾಕಿ ಎಂದೆ. ಮಾರ್ಚಿನಲ್ಲಿ ಕೊಟ್ಟಿದ್ದನ್ನೂ ಹೀಗೇ ಬಿಟ್ಟಿದ್ದೆ, ನಿಮಗೆ ಹೇಳಿರಲಿಲ್ಲ. ಕಾರಣ ಕೇಳಬೇಡಿ. ನೀವು ಹೊಟ್ಟೆ ತುಂಬ ಊಟ ಮಾಡಿ, ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಬೇಳೆ, ಹಾಲು ಜಾಸ್ತಿ ತೆಗೆದುಕೊಳ್ಳಿ. ಅತ್ತೆಯ ಕೋಣೆಯಲ್ಲಿ ಮಲಗಬೇಡಿ, ಪ್ರತ್ಯೇಕ ಮಲಗಿ. ಇದನ್ನು ಮಾತ್ರ ಮರೆಯಬೇಡಿ.


ಸಿದ್ದಬಸಪ್ಪ, ಹಳೇಬೀಡು. ವಾಯ್ಸ್ ನೋಟ್.
ಮೇ 18, 2025

ಪ್ರತಿಮಾ. ಹಳೇಬೀಡಲ್ಲಿ ಕೆರೆ ಏರಿ ಮೇಲೆ ಕೂತಿದ್ದೀನಿ. ಇಲ್ಲೊಬ್ರು ಬೆಳೆಗಾರರ ಕೊಬ್ಬರಿ ನೋಡಕ್ಕೆ ಅಂತ ಬಂದೆ, ನೋಡ್ಲಿಲ್ಲ. ಬಸ್ಸಿಂದ ಇಳಿದು ಸೀದಾ ಇಲ್ಲಿಗೆ ಬಂದು ಕೂತೆ.

ನೀನು ಆಪರೇಷನ್ ಮುಂದಕ್ಕೆ ಹಾಕಿದ್ದು ಓದಿದಾಗಿಂದ ಪೂಜೆಗೆ ಕೂತ್ರೆ ಅಂಗೈ ಮೇಲಿರೋದನ್ನ ನೋಡಕ್ಕಾಗ್ತಿಲ್ಲ. ನಿನ್ನ ಉಸಿರಿಗಿಂತ ಇದು ದೊಡ್ಡದಾ ಅಂತ ಕೇಳಿದ್ರೆ ಅಲ್ಲ ಅಂತ ನನಗೇ ಗೊತ್ತು. ಗೊತ್ತಿದ್ದೂ ಇಷ್ಟು ದಿನ ಸುಮ್ಕಿದ್ದೆ. ಅದು ಭಕ್ತಿ ಅಲ್ಲ ಕಣೇ. ಮೊದಲನೇ ದಿನ ಭಕ್ತಿ ಇತ್ತೇನೋ, ಆಮೇಲಿನದೆಲ್ಲ ಬರೀ ಹೆದರಿಕೆ. ಅದಕ್ಕೆ ಭಕ್ತಿ ಹೆಸರಿಟ್ಕಂಡು ತಿರುಗ್ತಿದ್ದೆ.

ಒಂದು ರೆಕಾರ್ಡಿಂಗ್ ಕಳಿಸ್ತಿದ್ದೀನಿ. ಏಪ್ರಿಲಲ್ಲಿ ಮಾಡಿ ಇಟ್ಕಂಡಿದ್ದು. ಪೂರ್ತಿ ಕೇಳು. ಕೇಳಿದ್ಮೇಲೆ ಬೈಯಿ, ಏನ್ ಬೇಕಾದ್ರೂ ಅನ್ನು. ನಾಳೆ ಬೆಂಗಳೂರಿಗೆ ಹೋಗ್ತೀನಿ, ಇದ್ದಿದ್ದು ಇದ್ದಂಗೆ ಹೇಳ್ತೀನಿ. ವೀಸಾ ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ. ನೀನು ಆಪರೇಷನ್‌ಗೆ ದಿನ ತಗೋ. ನನಗೆ ಕಾಯಬೇಡ.


ಪ್ರತಿಮಾ.
ಮೇ 21, 2025

ಅರ್ಜಿ ತುಂಬಿದವಳು ನಾನು ಎಂಬುದನ್ನು ನೀವು ಮರೆತಿದ್ದೀರಿ. ಆಫೀಸಿನವರು ನಿಮಗೆ ತಿಳಿಸಿದ್ದೆಲ್ಲ ನನಗೂ ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ನೆರಳು, ಕಫದ ಪರೀಕ್ಷೆ ಬಾಕಿ ಎಂದು ಮಾರ್ಚಿನಲ್ಲೇ ಓದಿದ್ದೆ. ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಟಿಬಿಯನ್ನು ನನ್ನಿಂದ ಮುಚ್ಚಿಡುತ್ತಿದ್ದೀರಿ ಎಂದುಕೊಂಡೆ. ಕೆಮ್ಮು ಇದೆ, ತೂಕ ಇಳಿದಿದೆ ಎಂದು ನಿಮ್ಮ ಬಾಯಿಂದಲೇ ಬಂದ ಮೇಲೆ ಸಂಶಯ ಉಳಿಯಲಿಲ್ಲ. ನಾನು ಆಪರೇಷನ್ ಟೇಬಲ್ಲಿನ ಮೇಲೆ ಸತ್ತರೆ, ಫೋನಿನಲ್ಲಾದರೂ ನೆನಪಿಸಿ ನಿಮಗೆ ದಿನಾ ಮಾತ್ರೆ ನುಂಗಿಸುವವರು ಯಾರು ಎಂದು ಯೋಚಿಸಿದೆ. ಎರಡು ಸಲ ದಿನ ಬಿಟ್ಟಿದ್ದು ಅದಕ್ಕೆ. ಲಿಂಗ ಹಿಡಿಯುವವರಿಲ್ಲ ಎಂದು ಒಂದು ಪಾಲು, ನಿಮ್ಮ ಶ್ವಾಸಕೋಶಕ್ಕಾಗಿ ಮೂರು ಪಾಲು.

ರೆಕಾರ್ಡಿಂಗ್ ಕೇಳಿ ಮೊದಲು ನಕ್ಕೆ. ನಗಲು ಉಸಿರು ಸಾಲಲಿಲ್ಲ. ಟೈಪ್ ಮಾಡುವುದೂ ಅದಕ್ಕೇ, ಅಜ್ಜ ಅಜ್ಜಿಯರ ನಿದ್ದೆಗಲ್ಲ. ನಾಲ್ಕು ಮಾತಾಡಿದರೆ ನಿಲ್ಲಿಸಬೇಕಾಗುತ್ತದೆ. ಆಮೇಲೆ ಬಹಳ ಸಿಟ್ಟು ಬಂತು. ಈಗಲೂ ಇದೆ.

ನಿಮಗೆ ಕಾಯಿಲೆ ಇಲ್ಲ ಎಂದು ತಿಳಿದ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಯಾವ ದಿನ ಖಾಲಿಯಿದ್ದರೂ ಕೊಡಿ ಎಂದೆ. ಜೂನ್ ಮೊದಲ ವಾರ ಸಿಕ್ಕಿದೆ. ಚಿತ್ರಾ ರಜೆ ಹಾಕಿ ನನ್ನನ್ನು ನೋಡಿಕೊಳ್ಳುತ್ತಾಳೆ. ನಿಜ ಹೇಳಬೇಕೆಂದರೆ ಅವಳು ಫೆಬ್ರವರಿಯಲ್ಲೇ ಕೇಳಿದ್ದಳು. "ಅಕ್ಕ, ನಾನಿದ್ದೀನಲ್ಲ, ಯಾಕೆ ಭಾವ ಬರೋವರೆಗೂ ಕಾಯ್ತೀರ?" ಎಂದಿದ್ದಳು. ನಾನು ಏನೋ ಹೇಳಿ ಜಾರಿಕೊಂಡೆ. ನಮ್ಮವರಲ್ಲದವಳ ಅಂಗೈಗೆ ಲಿಂಗ ಕೊಡುವುದು ಹೇಗೆ ಎಂಬ ಯೋಚನೆ ಬಂದಿತ್ತು. ಅವಳ ಕೈ ಅಡುಗೆ ಉಂಡಿದ್ದೇನೆ, ಅವಳ ಹಾಸಿಗೆಯಲ್ಲಿ ಮಲಗಿದ್ದೇನೆ, ಆದರೂ ಬಂತು. 'ಯಾರೂ ಇಲ್ಲ' ಎಂದು ಆಫೀಸಿಗೆ ಬರೆದೆನಲ್ಲ, ಆಗ ಅವಳು ಪಕ್ಕದ ಕೋಣೆಯಲ್ಲಿ ನನಗೆ ಗಂಜಿ ಮಾಡುತ್ತಿದ್ದಳು. ನೀವು ಒಬ್ಬರೇ ತಪ್ಪು ಮಾಡಿದ್ದೀರಿ ಎಂದು ತಿಳಿಯಬೇಡಿ.


ಸಿದ್ದಬಸಪ್ಪ. ವಾಯ್ಸ್ ನೋಟ್.
ಮೇ 22, 2025

ಬೆಂಗಳೂರಲ್ಲಿ ಎಲ್ಲ ಹೇಳಿದೆ. ಬೈಸ್ಕಳಕ್ಕೆ ತಯಾರಾಗಿ ಹೋಗಿದ್ದೆ. ಅಲ್ಲಿನ ಡಾಕ್ಟ್ರಮ್ಮ ಬೈಲಿಲ್ಲ. "ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಸರ್" ಅಂದ್ರು, ಅಷ್ಟೆ. ಬೈದಿದ್ರೇ ಚೆನ್ನಾಗಿತ್ತು. ಎರಡನೇ ಎಕ್ಸ್‌ರೇ ಸ್ವಚ್ಛ ಬಂತು. ಆದ್ರೆ ಕೊಟ್ಟ ಕಫದ ರಿಪೋರ್ಟ್ ಬರೋವರ್ಗೂ ಕಾಯಲೇಬೇಕಂತೆ, ನಡುವೆ ನಿಲ್ಸಕ್ಕಾಗಲ್ಲ. ಜೂನ್ ಮೊದಲ ವಾರಕ್ಕೆ ನಾನು ಬರಲ್ಲ ಪ್ರತಿಮಾ.

ಅವ್ವನಿಗೆ ನಿನ್ನ ಆಪರೇಷನ್ ದಿನ ಹೇಳಿದೆ. ಸೊಸೆ ಲಿಂಗ ಯಾರು ಹಿಡ್ಕೊತಾರೆ ಅಂತ ಮೊದಲು ಅದನ್ನೇ ಕೇಳ್ತು. ನಮ್ಮೋರೇ ಒಬ್ರು ಅವ್ರೆ ಅಂದೆ.


ಚಿತ್ರಾ, ನ್ಯೂಜಿಲೆಂಡ್. ವಾಯ್ಸ್ ನೋಟ್.
ಜೂನ್ 5, 2025

ಭಾವ, ನಾನು ಚಿತ್ರಾ. ಅಕ್ಕ ಹೊರಗೆ ಬಂದ್ರು. ಎಲ್ಲ ಸರಿಯಾಗಿದೆ ಅಂದ್ರು ಡಾಕ್ಟರ್. ಇನ್ನೂ ಎಚ್ಚರ ಆಗಿಲ್ಲ, ಆದ್ರೆ ನಾನು ಕಿಟಕಿಯಿಂದ ನೋಡ್ದೆ, ಬಣ್ಣ ಚೆನ್ನಾಗಿದೆ. ನೀವು ಧೈರ್ಯವಾಗಿರಿ.

ಒಳಗೆ ಹೋಗೋಕೆ ಮೊದಲು ಅವ್ರೇ ಶಿವದಾರ ಬಿಚ್ಚಿ ನನ್ನ ಕೈಲಿಟ್ರು. ಹೆಂಗೆ ಹಿಡೀಬೇಕು ಅಂತ ಕೇಳ್ದೆ. ಬಿಗಿಯಾಗಿ ಹಿಡಿ, ಕೆಳಗಿಡಬೇಡ, ಅಷ್ಟೇ ಅಂದ್ರು. ಇಟ್ಟಿಲ್ಲ ಭಾವ. ಫೋನ್ ಬಲಗೈಲಿದೆ. ಕಾಫಿ ಕುಡಿಯೋಣ ಅನ್ಸ್ತು, ಎಂಜಲು ಕೈ ಆಗುತ್ತೇನೋ ಗೊತ್ತಿಲ್ಲ ಅಂತ ಕುಡೀಲಿಲ್ಲ. ತಪ್ಪಾಗಿದ್ರೆ ಹೇಳಿ, ನಮಗೆ ಇದೆಲ್ಲ ಗೊತ್ತಿಲ್ಲ.


ಪ್ರತಿಮಾ.
ಜೂನ್ 14, 2025

ಏನ್ರೀ,

ಮನೆಗೆ ಬಂದೆ. ಎದೆಯ ಮೇಲೆ ಉದ್ದ ಹೊಲಿಗೆ ಇದೆ. ಲಿಂಗ ಕೊರಳಿಗೆ ಬಂದಿದೆ, ಸದ್ಯಕ್ಕೆ ಸ್ವಲ್ಪ ಮೇಲೆ ಕಟ್ಟಿಕೊಂಡಿದ್ದೇನೆ.

ಆಫೀಸಿಗೆ ಬರೆದು ಅರ್ಜೆಂಟ್ ಕೋರಿಕೆಯನ್ನು ವಾಪಸ್ ತೆಗೆದುಕೊಂಡೆ. ಆಪರೇಷನ್ ಮುಗಿದಿದೆ, ನೋಡಿಕೊಳ್ಳುವವರು ಇದ್ದಾರೆ. ಇಲ್ಲದ ಅವಸರವನ್ನು ಇದೆ ಎಂದು ಹೇಳಿ ಇನ್ನೊಬ್ಬರ ಅರ್ಜಿಗಿಂತ ಮುಂದೆ ಹೋಗುವುದು ಸರಿಯಲ್ಲ. ಇನ್ನು ನಿಮ್ಮದು ಎಲ್ಲರ ಸಾಲಿನಲ್ಲೇ ಬರುತ್ತದೆ.

ಒಂದು ಕೇಳಬೇಕು. ಎರಡನೇ ಎಕ್ಸ್‌ರೇ ದಿನ ನಿಮ್ಮದನ್ನು ತೆಗೆದು ಯಾರ ಕೈಗೆ ಕೊಟ್ಟಿರಿ? ಎಲ್ಲ ಹೇಳಿದವರು ಅದನ್ನು ಹೇಳಲಿಲ್ಲ.


ಸಿದ್ದಬಸಪ್ಪ. ವಾಯ್ಸ್ ನೋಟ್.
ಜೂನ್ 16, 2025

ಯಾರ ಕೈಗೂ ಕೊಡಲಿಲ್ಲ. ಒಬ್ಬನೇ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದೋರು ಒಬ್ರು, ಸ್ವಲ್ಪ ಹಿಡ್ಕೊಳ್ಳಲಾ ಅಂತ ಕೇಳಿದ್ರು. ಯಾರೋ ಏನೋ ಅಂತ ಬೇಡ ಅಂದೆ. ಅಲ್ಲೊಂದು ಪ್ಲಾಸ್ಟಿಕ್ ಟ್ರೇ ಇತ್ತು, ಎಲ್ಲರೂ ಬೀಗದಕೈ, ವಾಚು, ಬೆಲ್ಟು ಹಾಕೋದು. ಅದರೊಳಗಿಟ್ಟೆ. ನಿಂದು ಒಬ್ರ ಅಂಗೈಲಿತ್ತು. ನಂದು ಯಾವನದೋ ಬೆಲ್ಟಿನ ಪಕ್ಕ ಬಿದ್ದಿತ್ತು.

ಇನ್ನೊಂದು ಹೇಳ್ಬೇಕು. ಚಿತ್ರಾಗೆ ಥ್ಯಾಂಕ್ಸ್ ಅಂತ ಇನ್ನೂ ಹೇಳಿಲ್ಲ. ಏನ್ ಹೇಳೋದು ಅಂತ ಫೋನ್ ಕೈಲಿಡ್ಕಂಡು ಕೂತ್ಕೊತೀನಿ, ಆಗಲ್ಲ. ಮಾತಾಡಿ ಮಾತಾಡಿ ಸಾಯಿಸ್ತಾನೆ ಅಂತಿದ್ದೆಯಲ್ಲ ನನ್ನ.

ಬೇಕಾದಾಗ ಬರಲಿಲ್ಲ. ಈಗ ನಾನಿಲ್ದೇನೂ ನಡೀತೈತೆ ನಿನಗೆ. ಅದಕ್ಕೇ ಆಫೀಸಿನವ್ರನ್ನಲ್ಲ, ನಿನ್ನ ಕೇಳ್ತೀನಿ. ಬರಲಾ?


ಪ್ರತಿಮಾ.
ಜೂನ್ 17, 2025

ಬನ್ನಿ. ನಿಮ್ಮ ವೀಸಾಕ್ಕೆ ಈಗ ಅವಸರವಿಲ್ಲ. ಅತ್ತೆಗೆ ಚಿತ್ರಾಳ ಹೆಸರು ಹೇಳುವುದಕ್ಕೆ ಅವಸರವಿದೆ. ಅವಳು ಯಾರ ಮಗಳು, ಯಾವ ಊರು, ಎಲ್ಲವನ್ನೂ ಹೇಳಿ.


ಸಿದ್ದಬಸಪ್ಪ. ವಾಯ್ಸ್ ನೋಟ್.
ಜೂನ್ 18, 2025

ಹೇಳಿದೆ ಪ್ರತಿಮಾ. ಈಗ ತಾನೇ. ಹಿತ್ಲಲ್ಲಿ ನಿಂತು ಮಾತಾಡ್ತಿದ್ದೀನಿ.

ಅವ್ವ ತೊಗರಿಬೇಳೆ ಆರಿಸ್ತಾ ಕೂತಿತ್ತು. ನಮ್ಮೋರು ಅಂತ ಅವತ್ತು ಅಂದಿದ್ದು ಸುಳ್ಳು ಅಂದೆ. ಗೆಂಡೆಹಳ್ಳಿ ಕೆಂಚಯ್ಯನವ್ರ ಮಗಳು ಅಂದೆ. ಅವ್ವನ ತೌರು ಆ ಕಡೆನೇ ಅಲ್ವಾ, ಕೆಂಚಯ್ಯ ಗೊತ್ತು. ಅವ್ರ ಮನೆ ಊರಾಚೆ ಯಾವ ಕೇರೀಲಿ ಅಂತನೂ ಗೊತ್ತು. ಮೊರ ಪಕ್ಕಕ್ಕಿಟ್ತು. ಎದ್ದು ಹೋಗ್ತದೆ ಅಂದ್ಕಂಡೆ, ಹೋಗ್ಲಿಲ್ಲ. ನಾನೇ ತಡೀಲಾರದೆ ನನ್ನ ಎಕ್ಸ್‌ರೇ ಕಥೆನೂ ಹೇಳಿಬಿಟ್ಟೆ, ಎರಡನೇ ಸಲ ಲಿಂಗ ತೆಗೆದಿದ್ದೂ ಸೇರಿಸಿ. ನಿನ್ನ ಆಪರೇಷನ್ ಎಷ್ಟು ತಡ ಆಯ್ತು, ಯಾಕೆ ಆಯ್ತು, ಎಲ್ಲ. ಮೊದಲನೇ ಎಕ್ಸ್‌ರೇ ವಿಷಯಕ್ಕೆ ಬೈತದೆ ಅಂದ್ಕಂಡೆ, ಅದಕ್ಕೂ ಬೈಲಿಲ್ಲ.

ಸೆರಗಲ್ಲಿ ಕೈ ಒರೆಸ್ಕಂಡು, "ಆ ಹುಡುಗಿ ಅಷ್ಟೊತ್ತೂ ಕೈಲೇ ಹಿಡ್ಕಂಡಿದ್ಲಾ? ಕೆಳಗಿಡ್ಲಿಲ್ವಾ?" ಅಂತು.

ಇಡ್ಲಿಲ್ಲ ಅವ್ವ, ಕಾಫಿನೂ ಕುಡೀಲಿಲ್ಲ ಅಂದೆ.

ಮತ್ತೆ ಮೊರ ಎತ್ಕಂತು, ಬೇಳೆ ಮುಟ್ಟಲಿಲ್ಲ. ಆಮೇಲೆ ನನ್ನ ಮುಖ ನೋಡಿ ಕೇಳ್ತು, "ನಿಂದು ಯಾರು ಹಿಡ್ಕಂಡಿದ್ರಪ್ಪಾ?"

ನೀರು ಕುಡಿದು ಬತ್ತೀನಿ ಅಂತ ಎದ್ದು ಬಂದೆ ಕಣೇ. ಕುಡಿದಾಯ್ತು. ಒಳಗೆ ಹಂಗೇ ಕೂತೈತೆ, ಇಲ್ಲಿಂದ ಕಾಣ್ತದೆ. ಇಡ್ತೀನಿ. ಹೋಗಿ ಹೇಳ್ಬೇಕು.